ಚಿನ್ನಾದೇವಿಯ ಎರಡು ಮನೆಗಳು

ತಿರುಮಲೆಯ ದೇವಾಲಯದ ಮಹಾದ್ವಾರವನ್ನು ದಾಟಿದ ಮೇಲೆ ಸಿಗುವ ಪ್ರತಿಮಾ ಮಂಟಪದಲ್ಲಿ ಮೂರು ಲೋಹಪ್ರತಿಮೆಗಳಿವೆ. ನಡುವೆ ವಿಜಯನಗರದ ಕೃಷ್ಣದೇವರಾಯ. ಇಕ್ಕೆಲಗಳಲ್ಲಿ ಅವನ ಇಬ್ಬರು ರಾಣಿಯರು. ಮೂವರೂ ಕೈಮುಗಿದು ನಿಂತಿದ್ದಾರೆ. ದರ್ಶನದ ಸಾಲಿನ ನೂಕುನುಗ್ಗಲಿನಲ್ಲಿ ಅವರನ್ನು ನೋಡಿದವರಿಗಿಂತ ನೋಡದೆಯೇ ಮುಂದೆ ಸರಿದವರು ಹೆಚ್ಚು. ರಾಣಿಯರಲ್ಲಿ ಒಬ್ಬಳು ತಿರುಮಲದೇವಿ, ಇನ್ನೊಬ್ಬಳು ಚಿನ್ನಾದೇವಿ. 1513ರಲ್ಲಿ ರಾಯನು ಮೊದಲ ಸಲ ಬೆಟ್ಟವೇರಿ ಬಂದಾಗ ಇಬ್ಬರೂ ಹಾಲಿನ ನೈವೇದ್ಯಕ್ಕೆಂದು ಒಂದೊಂದು ಚಿನ್ನದ ಬಟ್ಟಲನ್ನು ದೇವರಿಗೆ ಒಪ್ಪಿಸಿದರು. ಮರುವರ್ಷ ಉದಯಗಿರಿಯ ದುರ್ಗವು ವಶವಾದ ಮೇಲೆ ರಾಯನು ಮತ್ತೆ ಬಂದು ಮೂವತ್ತು ಸಾವಿರ ಹೊನ್ನಿನ ನಾಣ್ಯಗಳಿಂದ ಕನಕಾಭಿಷೇಕ ಮಾಡಿಸಿದನು. ಆಗ ತಿರುಮಲದೇವಿಯು ಚಕ್ರಪದಕವನ್ನೂ ಚಿನ್ನಾದೇವಿಯು ಕಂಠಮಾಲೆಯನ್ನೂ ಅರ್ಪಿಸಿ, ಒಂದೊಂದು ಗ್ರಾಮವನ್ನು ದತ್ತಿಯಾಗಿ ಬಿಟ್ಟರು.

ಕಾಣಿಕೆಯ ಲೆಕ್ಕದಲ್ಲಿ ಇಬ್ಬರ ನಡುವೆ ಹೆಚ್ಚುಕಡಿಮೆಯೆಂಬುದಿಲ್ಲ. ಬಟ್ಟಲಿಗೆ ಬಟ್ಟಲು, ಒಡವೆಗೆ ಒಡವೆ, ಊರಿಗೆ ಊರು. ಆದರೆ ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಇಬ್ಬರು ಪೋರ್ಚುಗೀಸರು ಬರೆದಿಟ್ಟ ಒಂದು ಸಂಗತಿ ಈ ಸಮಾನತೆಯ ಹಿಂದಿನ ಕಥೆಯನ್ನು ಬಿಚ್ಚುತ್ತದೆ. ಈ ರಾಣಿಯರಲ್ಲಿ ಒಬ್ಬಳು ಅರಮನೆಗೆ ಬರುವ ಮೊದಲು ಇದೇ ನಗರದ ಗಣಿಕೆಯಾಗಿದ್ದಳು. ಪಟ್ಟವೇರುವ ಮುನ್ನ ರಾಯನು ಅವಳನ್ನು ಪ್ರೀತಿಸಿದ್ದನು. ಅರಸನಾದರೆ ಮದುವೆಯಾಗುತ್ತೇನೆಂದು ಮಾತು ಕೊಟ್ಟಿದ್ದನು. ಆ ಮಾತನ್ನು ನಡೆಸಿಕೊಟ್ಟನು.

ಹೀಗೆ ಬರೆದವರಲ್ಲಿ ಮೊದಲನೆಯವನು ಡೊಮಿಂಗೊ ಪಾಯೆಸ್. ಅವನು ವಿಜಯನಗರದಲ್ಲಿದ್ದುದು 1520ರ ಸುಮಾರಿಗೆ, ರಾಯನ ಆಳ್ವಿಕೆಯ ಉಚ್ಛ್ರಾಯದಲ್ಲಿ. ಎರಡನೆಯವನು ಫರ್ನಾವೊ ನೂನಿಜ್. ಕುದುರೆಯ ವ್ಯಾಪಾರಿಯಾದ ಇವನು ಬರೆದುದು 1535ರ ತರುವಾಯ, ರಾಯನು ತೀರಿಕೊಂಡು ಅಚ್ಯುತರಾಯನು ಆಳುತ್ತಿದ್ದಾಗ. ನೂನಿಜ್‌ನ ಆ ವರ್ಷಗಳ ಆಸುಪಾಸಿನಲ್ಲಿಯೇ, 1534ರ ಡಿಸೆಂಬರಿನಲ್ಲಿ, ಗುಜರಾತಿನ ಬಹಾದೂರ್ ಶಾಹನು ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ನಮ್ಮ ಥಾಣೆಯೂ ಅದರೊಡನೆ ಅವರ ಕೈಸೇರಿತು. ನಮ್ಮ ಖಾಡಿಗಳ ದಂಡೆಯಲ್ಲಿ ಕೋಟೆ ಕಟ್ಟುತ್ತಿದ್ದ ಜನರೇ ತುಂಗಭದ್ರೆಯ ದಂಡೆಯಲ್ಲಿ ಕುದುರೆ ಮಾರುತ್ತ, ಕಂಡದ್ದನ್ನೂ ಕೇಳಿದ್ದನ್ನೂ ಬರೆಯುತ್ತಿದ್ದರು. ಇಬ್ಬರ ಬರಹಗಳೂ ಮೂರೂವರೆ ಶತಮಾನ ಹಸ್ತಪ್ರತಿಯಲ್ಲಿಯೇ ಉಳಿದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಅವುಗಳನ್ನು ಇಂಗ್ಲಿಷಿಗೆ ತಂದು, ಮರೆತುಹೋದ ಸಾಮ್ರಾಜ್ಯವೊಂದರ ಕುರಿತ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಸೇರಿಸಿದ ಮೇಲೆಯೇ ಚಿನ್ನಾದೇವಿಯ ಪೂರ್ವಾಶ್ರಮದ ಸುದ್ದಿ ಓದುಬಲ್ಲವರ ನಡುವೆ ಹರಡಿತು.

ಪಾಯೆಸ್ ಹೇಳುವುದು ಚಿಕ್ಕದು. ರಾಯನಿಗೆ ಹನ್ನೆರಡು ಮಂದಿ ಧರ್ಮಪತ್ನಿಯರು. ಅವರಲ್ಲಿ ಮೂವರು ಮುಖ್ಯರು. ಒಬ್ಬಳು ಒರಿಯಾದ ಗಜಪತಿಯ ಮಗಳು, ಒಬ್ಬಳು ಶ್ರೀರಂಗಪಟ್ಟಣದ ಸಾಮಂತ ಅರಸನ ಮಗಳು, ಮೂರನೆಯವಳು ಯೌವನದಲ್ಲಿ ರಾಯನ ಪ್ರಿಯತಮೆಯಾಗಿದ್ದ ಗಣಿಕೆ. ಪಾಯೆಸ್‌ನ ಪ್ರಕಾರ ಮದುವೆಯ ಮಾತನ್ನು ಪಡೆದುಕೊಂಡವಳು ಆಕೆಯೇ. ಅವಳ ಮೇಲಿನ ಪ್ರೀತಿಗಾಗಿ ರಾಯನು ಒಂದು ಹೊಸ ನಗರವನ್ನು ಕಟ್ಟಿಸಿದನೆಂದು ಹೇಳಿ, ಆ ನಗರದ ಹೆಸರು ಬರಬೇಕಾದ ಕಡೆ ಹಸ್ತಪ್ರತಿಯಲ್ಲಿ ಜಾಗ ಖಾಲಿ ಬಿಟ್ಟಿದೆ. ಅವಳ ಹೆಸರನ್ನೂ ಅವನು ಹೇಳುವುದಿಲ್ಲ.

ಹೆಸರು ಸಿಗುವುದು ನೂನಿಜ್‌ನಲ್ಲಿ. ಅವನ ಕಥನಕ್ಕೆ ನಾಟಕದ ಬಿಗುವಿದೆ. ಮದುವೆಯಾಗುವೆನೆಂದು ರಾಯನು ಮೊದಲು ಹೇಳಿದ್ದು ತಮಾಷೆಗೆ. ಪಟ್ಟವಾದ ಮೇಲೂ ಅವನು ಅವಳನ್ನು ಮರೆಯದೆ, ಅರಮನೆಯಿಂದ ಗುಟ್ಟಾಗಿ ಹೊರಬಿದ್ದು ಅವಳ ಮನೆಗೆ ಹೋಗುತ್ತಿದ್ದನು. ಒಂದು ರಾತ್ರಿ ಮಹಾಪ್ರಧಾನ ಸಾಳುವ ತಿಮ್ಮರಸನು ಹಿಂಬಾಲಿಸಿ, ರಾಯನು ಆ ಮನೆಯನ್ನು ಹೊಕ್ಕುದನ್ನು ಕಣ್ಣಾರೆ ಕಂಡು, ಗದರಿಸಿ ಅರಮನೆಗೆ ಕರೆತಂದನು. ರಾಯನು ಏನನ್ನೂ ಮುಚ್ಚಿಡಲಿಲ್ಲ. ಅವಳನ್ನು ಪ್ರೀತಿಸುತ್ತೇನೆ, ಮಾತು ಕೊಟ್ಟಿದ್ದೇನೆ, ಏನಾದರೂ ಮದುವೆಯಾಗಿಯೇ ತೀರುತ್ತೇನೆ ಎಂದನು. ಅವನ ಹಟವನ್ನು ಕಂಡ ತಿಮ್ಮರಸನು, ಅರಸನಿಗೆ ಅಪವಾದ ತಟ್ಟದ ಹಾಗೆ ತಾನೇ ಇದನ್ನು ನೆರವೇರಿಸುವೆನೆಂದು ಒಪ್ಪಿಕೊಂಡನು. ಅರಸುಮನೆತನದ ಸುಂದರಿಯೊಬ್ಬಳನ್ನು ಹುಡುಕಿ ರಾಯನಿಗೆ ಮದುವೆ ಮಾಡಿಸಿ, ಮದುವೆಯ ಶಾಸ್ತ್ರಗಳೆಲ್ಲ ಮುಗಿದ ಮೇಲೆ ಆ ಮದುಮಗಳನ್ನೂ ಈ ಗಣಿಕೆಯನ್ನೂ ಎತ್ತರದ ಗೋಪುರವನ್ನು ಸೇರಿಸಿ ಕಟ್ಟಿದ ಒಂದು ಮನೆಯಲ್ಲಿ ಇರಿಸಿದನು. ಆಮೇಲೆ ರಾಯನಿಗೆ ಇನ್ನೂ ಹಲವು ಮದುವೆಗಳಾದರೂ ಅವನ ಪ್ರೀತಿ ಇವಳ ಮೇಲೆಯೇ ಹೆಚ್ಚು ಎಂದು ನೂನಿಜ್ ಮುಗಿಸುತ್ತಾನೆ.

ಪರದೇಶದ ಕುದುರೆ ವ್ಯಾಪಾರಿಯ ಈ ಮಾತನ್ನು ನಂಬಬಹುದೆ? ಅದು ಅಂಗಡಿಬೀದಿಯ ಗಾಳಿಮಾತು, ಮಹಾರಾಯನಿಗೆ ಹಚ್ಚಿದ ಮಸಿ ಎಂದು ತಳ್ಳಿಹಾಕುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅವರಿಗೆ ಕೇಳಬೇಕಾದ ಪ್ರಶ್ನೆಯೊಂದಿದೆ. ವೀರನರಸಿಂಹನು ಸಾಯುವ ಮುನ್ನ ತಮ್ಮನ ಕಣ್ಣು ಕೀಳಿಸಲು ಆಜ್ಞೆ ಮಾಡಿದ್ದು, ತಿಮ್ಮರಸನು ಆಡಿನ ಕಣ್ಣುಗಳನ್ನು ತೋರಿಸಿ ಕೃಷ್ಣದೇವರಾಯನನ್ನು ಉಳಿಸಿದ್ದು, ಮುಂದೆ ಆರು ವರ್ಷದ ರಾಜಕುಮಾರ ತಿರುಮಲನ ಸಾವಿನ ಆರೋಪ ಹೊತ್ತು ಆ ತಿಮ್ಮರಸನೇ ಕಣ್ಣು ಕಳೆದುಕೊಂಡದ್ದು, ಇವೆಲ್ಲ ನಮಗೆ ತಿಳಿದಿರುವುದು ಇದೇ ನೂನಿಜ್‌ನಿಂದ. ಈ ಕಥೆಗಳನ್ನು ನಾವು ನಾಟಕವಾಡಿದ್ದೇವೆ, ಸಿನಿಮಾ ಮಾಡಿದ್ದೇವೆ, ಮಕ್ಕಳಿಗೆ ಹೇಳಿದ್ದೇವೆ. ಅದೇ ಲೇಖಕನು ಅದೇ ಬರಹದಲ್ಲಿ ಬರೆದ ಚಿನ್ನಾದೇವಿಯ ಕಥೆ ಬಂದಾಗ ಮಾತ್ರ ಅವನು ಸುಳ್ಳುಗಾರನಾಗುತ್ತಾನೆ. ಇತಿಹಾಸದ ಆಕರವನ್ನು ಒರೆಗೆ ಹಚ್ಚುವ ಕ್ರಮ ಇದಲ್ಲ.

ಒರೆಗೆ ಹಚ್ಚಿದರೂ ಕಥೆಯ ಮುಖ್ಯಾಂಶ ನಿಲ್ಲುತ್ತದೆ. ಪಾಯೆಸ್ ಮತ್ತು ನೂನಿಜ್‌ರ ನಡುವೆ ಹದಿನೈದು ವರ್ಷಗಳ ಅಂತರವಿದೆ. ಒಬ್ಬನು ನಗರದ ಹೆಸರನ್ನು ಬಿಟ್ಟಿದ್ದಾನೆ, ಇನ್ನೊಬ್ಬನು ಕೊಟ್ಟಿದ್ದಾನೆ. ಒಬ್ಬನಿಗೆ ತಿಮ್ಮರಸನ ಪ್ರಸಂಗ ಗೊತ್ತಿಲ್ಲ, ಇನ್ನೊಬ್ಬನಿಗೆ ಗೊತ್ತು. ಒಬ್ಬನನ್ನು ನೋಡಿ ಇನ್ನೊಬ್ಬನು ನಕಲು ಮಾಡಿದಂತೆ ಕಾಣುವುದಿಲ್ಲ. ಪಾಯೆಸ್ ಬರೆದಾಗ ರಾಯನು ಬದುಕಿದ್ದನು, ಅವನ ಆಸ್ಥಾನದಲ್ಲಿ ಪೋರ್ಚುಗೀಸರಿಗೆ ಮನ್ನಣೆಯಿತ್ತು. ಅವನನ್ನು ಹೀಗಳೆಯುವ ಯಾವ ಹಂಗೂ ಪಾಯೆಸ್‌ಗೆ ಇರಲಿಲ್ಲ. ನೂನಿಜ್ ಕೇಳಿ ಬರೆದ ‘ಚಿನ್ನಾದೇವಿಡಿ’ ಎಂಬ ಹೆಸರು ತಿರುಮಲೆಯ ರಾಣಿಯ ಹೆಸರೇ ಆಗಿದೆ. ರಾತ್ರಿಯ ಬೆನ್ನಟ್ಟುವಿಕೆ, ಗದರಿಕೆ ಮುಂತಾದ ವಿವರಗಳಲ್ಲಿ ಜನರ ಬಾಯಿಯ ಉಪ್ಪುಖಾರ ಬೆರೆತಿರಬಹುದು. ಗಣಿಕೆಯೊಬ್ಬಳು ವಿಜಯನಗರದ ಪಟ್ಟದ ರಾಣಿಯರ ಸಾಲಿಗೆ ಬಂದಳೆಂಬುದು ಮಾತ್ರ ಊರಿಗೆಲ್ಲ ತಿಳಿದಿದ್ದ ಸಂಗತಿಯೆಂದೇ ತೋರುತ್ತದೆ.

ಅವಳ ಹೆಸರಿನಲ್ಲಿಯೂ ಒಂದು ಕುತೂಹಲವಿದೆ. ಕನ್ನಡದ ಕಿವಿಗೆ ‘ಚಿನ್ನ’ ಎಂದರೆ ಬಂಗಾರ. ಮುದ್ದಿನ ಕರೆಯೂ ಹೌದು. ತೆಲುಗಿನ ಕಿವಿಗೆ ‘ಚಿನ್ನ’ ಎಂದರೆ ಚಿಕ್ಕದು. ಚಿನ್ನಾದೇವಿಯೆಂದರೆ ಕಿರಿಯ ರಾಣಿ. ಎರಡೂ ನುಡಿಗಳು ಸಮಸಮನಾಗಿ ನಡೆಯುತ್ತಿದ್ದ ಆಸ್ಥಾನದಲ್ಲಿ ಅವಳನ್ನು ಒಬ್ಬರು ಹೊನ್ನೆಂದೂ ಇನ್ನೊಬ್ಬರು ಕಿರಿಯಳೆಂದೂ ಕೇಳಿಸಿಕೊಂಡಿರಬಹುದು.

ರಾಯನು ಕೊಟ್ಟ ಮಾತಿನ ತೂಕವನ್ನು ಅರಿಯಬೇಕಾದರೆ ಅವನು ಅದನ್ನು ಕೊಟ್ಟ ಕಾಲವನ್ನು ನೆನೆಯಬೇಕು. ತುಳುವ ನರಸನಾಯಕನ ಮಕ್ಕಳಲ್ಲಿ ಅವನು ಹಿರಿಯನಲ್ಲ. ತಾಯಿ ನಾಗಲಾದೇವಿ, ಸಿಂಹಾಸನದ ಮೇಲಿದ್ದವನು ಮಲತಾಯಿಯ ಮಗನಾದ ವೀರನರಸಿಂಹ. ಅರಸುಮನೆತನದಲ್ಲಿ ಅಂಥ ತಮ್ಮನ ಬದುಕು ಹಗ್ಗದ ಮೇಲಿನ ನಡಿಗೆ. ಅರಸನಾದರೆ ಎಂಬ ಮಾತನ್ನು ಬಾಯಿಬಿಟ್ಟು ಆಡುವುದೇ ಅಪಾಯ. ಗಣಿಕೆಯ ಮನೆಯಲ್ಲಿ ನಗುನಗುತ್ತ ಆಡಿದ ಆ ಮಾತು ಒಬ್ಬಳ ಕಿವಿಗಾಗಿ ಆಡಿದ್ದು, ಆಸ್ಥಾನದ ಕಿವಿಗಲ್ಲ. 1509ರಲ್ಲಿ ಅವನಿಗೆ ಪಟ್ಟವಾದಾಗ ಆ ತಮಾಷೆಗೆ ಅರ್ಥ ಬಂದಿತು. ಪಟ್ಟವಿಲ್ಲದ ದಿನಗಳಲ್ಲಿ ತನ್ನನ್ನು ಮನುಷ್ಯನಂತೆ ಕಂಡವಳಿಗೆ ಅವನು ಋಣಿಯಾಗಿ ಉಳಿದನೆಂದು ಊಹಿಸಿದರೆ ತಪ್ಪಾಗಲಾರದು.

ಇಲ್ಲಿಯವರೆಗಿನದು ರಾಯನ ಕಡೆಯ ಕಥೆ. ಈ ಮದುವೆಯಲ್ಲಿ ಚಿನ್ನಾದೇವಿ ಏನನ್ನು ಪಡೆದಳು, ಏನನ್ನು ಬಿಟ್ಟಳು? ಇದಕ್ಕೆ ಉತ್ತರ ಹುಡುಕಲು ಅವಳ ಮೊದಲ ಮನೆಯ ಬೀದಿಗೆ ಹೋಗಬೇಕು.

1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಟಂಕಸಾಲೆಯ ಹಿಂದಿನ ಗಣಿಕೆಯರ ಬೀದಿಯನ್ನು ಬೆರಗಿನಿಂದ ವರ್ಣಿಸಿದ್ದಾನೆ: ಎರಡು ಸಾಲು ಮನೆಗಳು, ಮನೆಗಳ ಮುಂದೆ ಆಸನಗಳು, ಗೋಡೆಗಳ ಮೇಲೆ ಜೀವ ತುಂಬಿದಂತಿರುವ ಹುಲಿಸಿಂಹಗಳ ಚಿತ್ರಗಳು, ಮಧ್ಯಾಹ್ನ ಇಳಿದ ಮೇಲೆ ಮುತ್ತುರತ್ನಗಳನ್ನು ತೊಟ್ಟು ಹೊರಗೆ ಬಂದು ಕೂರುವ ಹೆಂಗಸರು. ಇವರಿಂದ ಬರುವ ತೆರಿಗೆಯಿಂದಲೇ ನಗರದ ಕಾವಲುಗಾರರ ಸಂಬಳ ಸಲ್ಲುತ್ತಿತ್ತೆಂದೂ ಅವನು ಹೇಳುತ್ತಾನೆ. ಎಂಬತ್ತು ವರ್ಷಗಳ ತರುವಾಯ ಪಾಯೆಸ್ ಕಂಡ ಗಣಿಕೆಯರು ನಗರದ ಒಳ್ಳೆಯ ಬೀದಿಗಳಲ್ಲಿ ವಾಸಿಸುತ್ತಿದ್ದರು. ಅವರಿಗೆ ದತ್ತಿಯಾಗಿ ಬಂದ ಭೂಮಿಯಿತ್ತು, ಪಲ್ಲಕ್ಕಿಗಳಿದ್ದವು, ಎಣಿಕೆಗೆ ಸಿಗದಷ್ಟು ದಾಸಿಯರಿದ್ದರು. ಅವರಲ್ಲಿ ಒಬ್ಬಳ ಬಳಿ ಲಕ್ಷ ವರಾಹಗಳಿವೆಯೆಂದು ಜನ ಹೇಳುತ್ತಿದ್ದರು. ತಾನು ಕಂಡುದನ್ನು ನೋಡಿದರೆ ಅದು ನಿಜವೇ ಇರಬೇಕೆಂದು ಪಾಯೆಸ್ ಸೇರಿಸುತ್ತಾನೆ. ಮರ್ಯಾದಸ್ಥರು ಅವರ ಮನೆಗೆ ಹೋಗಿಬರುವುದರಲ್ಲಿ ನಿಂದೆಯಿರಲಿಲ್ಲ. ಎಷ್ಟೇ ದೊಡ್ಡವರಿಗೂ ಇಲ್ಲದ ಒಂದು ಸಲುಗೆ ಅವರಿಗಿತ್ತು: ಅವರು ರಾಣಿಯರ ಸನ್ನಿಧಿಗೆ ಹೋಗಿ, ಅವರೊಡನೆ ಕುಳಿತು ವೀಳ್ಯ ಮೆಲ್ಲಬಹುದಾಗಿತ್ತು.

ಈ ವೀಳ್ಯದ ಮಾತು ಮುಖ್ಯವಾದುದು. ವಿಜಯನಗರದಲ್ಲಿ ಅರಸನ ಕೈಯ ವೀಳ್ಯ ಪಡೆಯುವುದೆಂದರೆ ದೊಡ್ಡ ಗೌರವ. ರಾಣಿಯ ಮುಖವನ್ನು ನೋಡಲೂ ದಂಡನಾಯಕನಿಗೆ ಅವಕಾಶವಿಲ್ಲದ ಕಡೆ, ಗಣಿಕೆಯು ಅವಳ ತಟ್ಟೆಯಿಂದ ಎಲೆ ತೆಗೆದುಕೊಳ್ಳಬಲ್ಲವಳಾಗಿದ್ದಳು. ಬೀದಿ, ದೇಗುಲ, ಆಸ್ಥಾನ, ಅಂತಃಪುರ ಈ ನಾಲ್ಕರಲ್ಲಿಯೂ ಕಾಲಿಡಬಲ್ಲ ಹೆಣ್ಣು ಆ ನಗರದಲ್ಲಿ ಅವಳೊಬ್ಬಳೇ. ಚಿನ್ನಾದೇವಿ ಆ ವರ್ಗದವಳು. ಅವಳಿಗೆ ತನ್ನದೇ ಆದ ಮನೆಯಿತ್ತು. ಅರಸನೇ ಆ ಮನೆಗೆ ನಡೆದು ಬರುತ್ತಿದ್ದನು.

ಎರಡನೆಯ ಮನೆಯ ಕ್ರಮ ಬೇರೆ. ಪಾಯೆಸ್ ವಿವರಿಸುವ ರಾಣಿವಾಸದಲ್ಲಿ ಒಬ್ಬೊಬ್ಬ ರಾಣಿಗೂ ಪ್ರತ್ಯೇಕ ಮನೆ, ಮನೆ ತುಂಬ ಹೆಂಗಸರೇ: ಸಖಿಯರು, ಕೋಣೆಯ ಪರಿಚಾರಿಕೆಯರು, ಕಾವಲಿನವರು. ಒಬ್ಬೊಬ್ಬರಿಗೂ ಅರವತ್ತು ಮಂದಿ ಸಿಂಗರಿಸಿಕೊಂಡ ಸಖಿಯರು. ಹೊರಗಿನ ಕಾವಲಿಗೆ ನಪುಂಸಕರು. ಅವರ ಹೊರತು ಬೇರೆ ಗಂಡಸರಿಗೆ ಪ್ರವೇಶವಿಲ್ಲ. ರಾಣಿಯರು ಹೊರಗೆ ಹೋಗುವುದಾದರೆ ಮುಚ್ಚಿದ ಪಲ್ಲಕ್ಕಿಯಲ್ಲಿ. ಅರಸನಿಗೆ ಒಬ್ಬ ರಾಣಿಯನ್ನು ಕಾಣಬೇಕೆನಿಸಿದರೆ ಅವನು ನಪುಂಸಕನಿಗೆ ಹೇಳಬೇಕು. ಅವನು ಒಳಗೆ ಹೋಗದೆ ಕಾವಲಿನ ಹೆಂಗಸರಿಗೆ ತಿಳಿಸಬೇಕು. ಅವರು ರಾಣಿಗೆ ಸುದ್ದಿ ಮುಟ್ಟಿಸಬೇಕು. ಸಖಿಯೊಬ್ಬಳು ಹೊರಬಂದು ಏನೆಂದು ಕೇಳಬೇಕು. ಆಮೇಲೆ ರಾಣಿ ಹೋಗಬೇಕು, ಇಲ್ಲವೆ ಅರಸನು ಬರಬೇಕು. ಒಂದು ಕಾಲದಲ್ಲಿ ರಾತ್ರಿ ತಾನಾಗಿ ನಡೆದು ಬಂದು ಬಾಗಿಲು ತಟ್ಟುತ್ತಿದ್ದ ಪ್ರಿಯಕರನಿಗೂ ಅವಳಿಗೂ ನಡುವೆ ಈಗ ಇಷ್ಟೊಂದು ಬಾಗಿಲುಗಳು. ಮೂವರು ಮುಖ್ಯ ರಾಣಿಯರ ನಡುವೆ ಮನಸ್ತಾಪ ಬರಬಾರದೆಂದು ಎಲ್ಲವನ್ನೂ ಸರಿಸಮವಾಗಿ ಕೊಡಲಾಗುತ್ತಿತ್ತು, ಅವರು ಗೆಳತಿಯರಂತಿದ್ದರು ಎಂದು ಪಾಯೆಸ್ ಹೇಳುತ್ತಾನೆ. ತಿರುಮಲೆಯ ಚಿನ್ನದ ಬಟ್ಟಲುಗಳು ಆ ಮಾತಿಗೆ ಸಾಕ್ಷಿ ನುಡಿಯುತ್ತವೆ. ಆದರೆ ಯಾರನ್ನು ಕಾಣಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ತಾನೇ ಗೊತ್ತುಮಾಡುವ ಅವಕಾಶವನ್ನು ಯಾವ ಬಟ್ಟಲೂ ತುಂಬಿಕೊಡಲಾರದು.

ತಿಮ್ಮರಸನು ನಿಜವಾಗಿ ಸಿಟ್ಟಾದುದು ಯಾವುದಕ್ಕೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಅರಸನು ಗಣಿಕೆಯ ಸಂಗ ಮಾಡುವುದು ಅಂದು ಯಾರ ಹುಬ್ಬನ್ನೂ ಏರಿಸುವ ವಿಷಯವಾಗಿರಲಿಲ್ಲ. ಕಾವಲಿಲ್ಲದೆ ಒಬ್ಬನೇ ಕತ್ತಲಲ್ಲಿ ತಿರುಗಿದರೆ ರಾಜ್ಯಕ್ಕೆ ಅಪಾಯ. ಮದುವೆಯಾದರೆ ವಂಶಕ್ಕೆ ಅಪವಾದ. ಅದಕ್ಕೆಂದೇ ಅವನು ಇನ್ನೊಂದು ಮದುವೆಯನ್ನು ಮುಂದೆ ಮಾಡಿ, ಅದರ ನೆರಳಿನಲ್ಲಿ ಇವಳನ್ನು ಒಳಗೆ ಕರೆತಂದನು. ಈ ಉಪಾಯಕ್ಕೆ ಬಳಕೆಯಾದ ಆ ರಾಜಕುಮಾರಿಯ ಹೆಸರನ್ನು ನೂನಿಜ್ ಬರೆದಿಲ್ಲ. ತನ್ನ ಮದುವೆಯ ಚಪ್ಪರ ಇನ್ನೊಬ್ಬಳನ್ನು ಮರೆಮಾಡುವ ಪರದೆಯೆಂದು ಅವಳಿಗೆ ಯಾವಾಗ ತಿಳಿಯಿತೊ! ಈ ಪ್ರೇಮಕಥೆಯನ್ನು ಓದಿ ಮೆಚ್ಚುವವರು ಅವಳನ್ನೂ ಒಮ್ಮೆ ನೆನೆಯಬೇಕು.

ಪ್ರಿಯತಮೆಗಿಂತ ಮದುವೆಯೇ ದೊಡ್ಡ ಹಗರಣವಾಗುವುದು ವಿಜಯನಗರದ ವಿಶೇಷವಲ್ಲ. ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ದೊರೆಯು ಜೇನ್ ಶೋರ್ ಎಂಬ ಲಂಡನ್ನಿನ ವರ್ತಕನ ಹೆಂಡತಿಯನ್ನು ಇಟ್ಟುಕೊಂಡಿದ್ದನ್ನು ಆಸ್ಥಾನ ಸಹಿಸಿಕೊಂಡಿತು. ಅದೇ ದೊರೆ 1464ರಲ್ಲಿ ಎಲಿಜಬೆತ್ ವುಡ್‌ವಿಲ್ ಎಂಬ ವಿಧವೆಯನ್ನು ಗುಟ್ಟಾಗಿ ಮದುವೆಯಾದಾಗ, ಅವನಿಗಾಗಿ ಫ್ರಾನ್ಸಿನ ಸಂಬಂಧವನ್ನು ಕುದುರಿಸುತ್ತಿದ್ದ ವಾರಿಕ್ ಪ್ರಭುವಿಗೆ ಮುಖಭಂಗವಾಗಿ, ಮುಂದಿನ ಅಂತಃಕಲಹಕ್ಕೆ ಅದೂ ಒಂದು ಕಾರಣವಾಯಿತು. ಎಡ್ವರ್ಡ್ ತೀರಿಕೊಂಡ 1483ರಲ್ಲಿಯೇ ಮೂರನೆಯ ರಿಚರ್ಡ್ ಜೇನ್ ಶೋರಳನ್ನು ಕೈಯಲ್ಲಿ ಮೇಣದ ದೀಪ ಹಿಡಿಸಿ ಲಂಡನ್ನಿನ ಬೀದಿಯಲ್ಲಿ ಪ್ರಾಯಶ್ಚಿತ್ತಕ್ಕೆಂದು ನಡೆಸಿದನು. ಅವಳ ಕುರಿತು ಮರುಕದಿಂದ ಬರೆದ ಥಾಮಸ್ ಮೋರ್ ತನ್ನ ರಿಚರ್ಡ್ ಚರಿತ್ರೆಗೆ ಕೈಹಾಕಿದ್ದು 1513ರ ಸುಮಾರಿಗೆ. ಚಿನ್ನಾದೇವಿ ತಿರುಮಲೆಯಲ್ಲಿ ಬಟ್ಟಲನ್ನು ಒಪ್ಪಿಸಿದ ಕಾಲವೇ ಅದು. ಇದಕ್ಕೂ ಹಿಂದೆ ಗಾಂಟಿನ ಜಾನ್ ಎಂಬ ರಾಜಪುತ್ರನು ತನ್ನ ಬಹುಕಾಲದ ಪ್ರಿಯತಮೆ ಕ್ಯಾಥರಿನ್ ಸ್ವಿನ್‌ಫರ್ಡಳನ್ನು 1396ರಲ್ಲಿ ಮದುವೆಯಾದನು. ಮರುವರ್ಷ ಅವಳ ಮಕ್ಕಳಿಗೆ ಔರಸರ ಸ್ಥಾನ ಸಿಕ್ಕಿ, ಆ ಸಂತತಿಯಿಂದಲೇ ಮುಂದೆ ಟ್ಯೂಡರ್ ಅರಸರು ಬಂದರು. ಚಿನ್ನಾದೇವಿಗೆ ಮೋರ್‌ನಂಥ ಬರಹಗಾರನೂ ಸಿಗಲಿಲ್ಲ, ಕ್ಯಾಥರಿನ್‌ಳಂತೆ ಅವಳ ಸಂತತಿ ಸಿಂಹಾಸನವನ್ನೂ ಏರಲಿಲ್ಲ. 1524ರಲ್ಲಿ ರಾಯನು ಪಟ್ಟಕಟ್ಟಿದ ಬಾಲಕ ತಿರುಮಲನು ತಿರುಮಲದೇವಿಯ ಮಗ. ಅವನೂ ಬೇಗನೆ ತೀರಿಕೊಂಡು, 1529ರಲ್ಲಿ ರಾಜ್ಯ ಅಚ್ಯುತರಾಯನಿಗೆ ಹೋಯಿತು.

ಅವಳಿಗಾಗಿ ಕಟ್ಟಿಸಿದ್ದೆಂಬ ನಗರದ ಕಥೆಯನ್ನು ಮಾತ್ರ ಇನ್ನಷ್ಟು ಎಚ್ಚರಿಕೆಯಿಂದ ಓದಬೇಕು. ನೂನಿಜ್ ಅದನ್ನು ನಾಗಲಾಪುರವೆಂದು ಕರೆದು, ಅದರ ರಾಜಬೀದಿಯ ಉದ್ದ 4,700 ಹೆಜ್ಜೆ, ಅಗಲ 40 ಹೆಜ್ಜೆಯೆಂದೂ, ಅಲ್ಲಿಂದ ವರ್ಷಕ್ಕೆ 45,000 ವರಾಹಗಳ ಸುಂಕ ಬರುತ್ತಿತ್ತೆಂದೂ ಲೆಕ್ಕ ಕೊಡುತ್ತಾನೆ. ಬಾಗಿಲಲ್ಲಿ ತಲೆಹೊರೆಗೂ ಸುಂಕ, ಹೊಕ್ಕ ಗಂಡಸು ಹೆಂಗಸರಿಗೂ ಸುಂಕ. ಸಿವೆಲ್ ಈ ಊರನ್ನು ಇಂದಿನ ಹೊಸಪೇಟೆಯೆಂದು ಗುರುತಿಸಿದನು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಅದೇ ಜಿಲ್ಲಾಕೇಂದ್ರ. ಆದರೆ ನಾಗಲಾ ಎಂಬುದು ರಾಯನ ತಾಯಿಯ ಹೆಸರು. ಆಂಧ್ರದ ಚಿತ್ತೂರು ಸೀಮೆಯ ನಾಗಲಾಪುರವೂ ಆ ತಾಯಿಯ ನೆನಪಿನ ಊರೇ. ಹಾಗಾದರೆ ಊರಿನ ಹೆಸರು ತಾಯಿಯದು, ಊರಿನ ಕಥೆ ಪ್ರಿಯತಮೆಯದು. ರಾಯನು ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಪಟ್ಟಣವನ್ನು ಪೇಟೆಯ ಜನರು ತಮಗೆ ರುಚಿಸಿದ ಪ್ರೇಮಕಥೆಗೆ ಗಂಟುಹಾಕಿದರೆಂದು ತೋರುತ್ತದೆ. ಪಾಯೆಸ್ ಹೆಸರಿನ ಜಾಗವನ್ನು ಖಾಲಿ ಬಿಟ್ಟದ್ದೂ ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ಚಿನ್ನಾದೇವಿಯ ಬದುಕು ನಿಜವೆಂದು ಒಪ್ಪಲು ಒಂದು ಊರನ್ನೇ ಅವಳ ಹೆಸರಿಗೆ ಬರೆದುಕೊಡಬೇಕಾಗಿಲ್ಲ.

ರಾಯನ ಸಾಹಿತ್ಯದಲ್ಲಿ ಅವಳ ಸುಳಿವೇನಾದರೂ ಇದೆಯೆ? ಅವನ ‘ಆಮುಕ್ತಮಾಲ್ಯದ’ ತೆಲುಗು ಮಹಾಕಾವ್ಯದ ಹೆಸರಿನ ಅರ್ಥ, ಮುಡಿದು ತೆಗೆದ ಮಾಲೆಯನ್ನು ಕೊಟ್ಟವಳು. ದೇವರಿಗೆಂದು ಕಟ್ಟಿದ ಹೂಮಾಲೆಯನ್ನು ಗೋದೆ ಮೊದಲು ತಾನು ಮುಡಿದು ನೋಡುತ್ತಾಳೆ. ಮುಡಿದ ಮಾಲೆ ಮೈಲಿಗೆಯೆಂಬುದು ಲೋಕದ ನಿಯಮ. ಅದೇ ಮಾಲೆ ತನಗೆ ಪ್ರಿಯವೆನ್ನುವುದು ದೇವರ ಮಾತು. ಕೊನೆಗೆ ಅವಳನ್ನೇ ದೇವರು ವರಿಸುತ್ತಾನೆ. ಇದು ಶ್ರೀವೈಷ್ಣವ ಪರಂಪರೆಯ ಭಕ್ತಿಕಥೆ. ರಾಯನ ಖಾಸಗಿ ಬದುಕಿಗೆ ಇದನ್ನು ಸಾಕ್ಷಿಯಾಗಿ ಎಳೆದು ತರುವುದು ತರವಲ್ಲ. ಆದರೂ ಎಷ್ಟೋ ಕಥೆಗಳಿದ್ದಾಗ ಈ ಅರಸನು ಈ ಕಥೆಯನ್ನೇ ಆರಿಸಿಕೊಂಡನು ಎಂಬುದನ್ನು ಓದುಗನ ಮನಸ್ಸು ಸುಮ್ಮನೆ ಬಿಡುವುದಿಲ್ಲ.

ಈಗ ಚಿನ್ನಾದೇವಿಯಿಂದ ಎಂಟುನೂರು ವರ್ಷ ಹಿಂದಕ್ಕೆ, ಬಾದಾಮಿಯ ಹತ್ತಿರದ ಮಹಾಕೂಟಕ್ಕೆ ಹೋಗೋಣ. ಮಹಾಕೂಟೇಶ್ವರ ದೇವಾಲಯದ ಕಂಬವೊಂದರ ಮೇಲಿನ ಕನ್ನಡ ಶಾಸನವು ವಿನಾಪೋಟಿಯೆಂಬವಳನ್ನು ಕುರಿತದ್ದು. ಕ್ರಿ.ಶ. 696ರಿಂದ 733ರವರೆಗೆ ಆಳಿದ ಚಾಲುಕ್ಯ ವಿಜಯಾದಿತ್ಯನಿಗೆ ಅವಳು ಪ್ರಾಣವಲ್ಲಭೆ. ಅವಳು ಸೂಳೆಯೆಂಬುದನ್ನೂ ಶಾಸನ ಅದೇ ಉಸಿರಿನಲ್ಲಿ ಹೇಳುತ್ತದೆ. ಹೇಳಿ ತಲೆತಗ್ಗಿಸುವುದಿಲ್ಲ, ಗೌರವದ ಬಹುವಚನದಲ್ಲಿ ‘ವಿನಾಪೋಟಿಗಳ್’ ಎನ್ನುತ್ತದೆ. ತಂದೆಯ ವಂಶವನ್ನು ಹೇಳುವ ಜಾಗದಲ್ಲಿ ಅವಳ ಅಜ್ಜಿ ರೇವಮಂಚಲೆಯನ್ನೂ ತಾಯಿ ಕುಚಿಪೋಟಿಯನ್ನೂ ಹೆಸರಿಸುತ್ತದೆ. ಅವಳು ಅಲ್ಲಿ ಹಿರಣ್ಯಗರ್ಭ ದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟಳು. ಹನ್ನೆರಡನೆಯ ಶತಮಾನಕ್ಕೆ ಬಂದರೆ, ಕಲ್ಯಾಣದ ಶರಣರ ನಡುವೆ ಸೂಳೆ ಸಂಕವ್ವೆಯಿದ್ದಾಳೆ. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಅವಳದೊಂದು ವಚನ ಉಳಿದಿದೆ. ಲಜ್ಜೆಯಿಲ್ಲದ ಈಶ್ವರನೆಂದು ದೇವರನ್ನು ಕರೆಯುವ ಎದೆಗಾರಿಕೆ ಅವಳಿಗಿತ್ತು. ವಚನದ ಕಟ್ಟುಗಳಲ್ಲಿ ಅದನ್ನು ಕಾಪಾಡಿದವರಿಗೂ ಲಜ್ಜೆಯಾಗಲಿಲ್ಲ.

ವಿನಾಪೋಟಿಗೂ ಚಿನ್ನಾದೇವಿಗೂ ಇರುವ ಅಂತರ ಇಲ್ಲಿದೆ. ವಿನಾಪೋಟಿ ತಾನಿದ್ದಂತೆಯೇ ಕಲ್ಲಿನ ಮೇಲೆ ನಿಂತಳು. ರಾಣಿಯಾಗದೆಯೇ ದಾನ ಮಾಡಿದಳು. ಚಿನ್ನಾದೇವಿ ಶಾಸನಕ್ಕೆ ಬರಬೇಕಾದರೆ ಮೊದಲು ದೇವಿಯಾಗಬೇಕಾಯಿತು. ಅವಳ ತಾಯಿಯ ಹೆಸರು, ಅಜ್ಜಿಯ ಹೆಸರು, ಅವಳು ಕಲಿತ ವಿದ್ಯೆ, ಅವಳ ಬೀದಿ, ಎಲ್ಲವೂ ಆ ಒಂದು ಪದದ ಹಿಂದೆ ಅಡಗಿಹೋದವು. ಕನ್ನಡದ ಆ ಹಳೆಯ ಮಾತು ಬರಬರುತ್ತ ಬೈಗುಳವಾಗಿ ಉಳಿಯಿತು. ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಜನರ ಬಾಯಲ್ಲಿ ಶತಮಾನಗಳಿಂದ ಇದ್ದ ಸೂಳೆಕೆರೆ ಎಂಬ ಹೆಸರು ಕಾಗದಪತ್ರಗಳಲ್ಲಿ ಶಾಂತಿಸಾಗರವಾಯಿತು. ಹಂಪಿಯಲ್ಲಿ ಅಚ್ಯುತರಾಯನ ಕಾಲದ ದೇಗುಲದ ಮುಂದಿನ ಸೂಳೆ ಬಜಾರನ್ನು ಮನೆಮಂದಿಗೆ ತೋರಿಸುವಾಗ ಎಷ್ಟೋ ಜನ ಆ ಹೆಸರನ್ನು ನುಂಗಿಕೊಳ್ಳುತ್ತಾರೆ.

ಈ ನಾಚಿಕೆಗೆ ಕಾನೂನಿನ ಮುದ್ರೆಯೂ ಬಿದ್ದುದುಂಟು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಕಾವ್ಯ ಬರೆದಳು. ಅವಳು ಕೂಡ ಕೃತಿಯ ಆರಂಭದಲ್ಲಿ ತನ್ನ ಅಜ್ಜಿ, ತಾಯಿಯರನ್ನು ಹೆಮ್ಮೆಯಿಂದ ನೆನೆದವಳು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ಸ್ವತಃ ದೇವದಾಸಿ ಪರಂಪರೆಯ ಗಾಯಕಿ, ಆ ಕಾವ್ಯವನ್ನು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದರು. ಅಶ್ಲೀಲವೆಂಬ ಆರೋಪದ ಮೇಲೆ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ಶೃಂಗಾರವನ್ನು ಗಂಡಸರು ಬರೆದಾಗ ಕಾವ್ಯ, ಗಣಿಕೆ ಬರೆದಾಗ ಅಶ್ಲೀಲ ಎಂಬ ಇಬ್ಬಗೆಯನ್ನು ನಾಗರತ್ನಮ್ಮ ನೇರವಾಗಿಯೇ ಪ್ರಶ್ನಿಸಿದ್ದರು.

ಹೀಗೆಂದ ಮಾತ್ರಕ್ಕೆ ಗಣಿಕೆಯರ ಬೀದಿಯನ್ನು ನಂದನವನವೆಂದು ಬಣ್ಣಿಸಿದರೆ ಇನ್ನೊಂದು ಸುಳ್ಳಾಗುತ್ತದೆ. ಪಾಯೆಸ್ ಕಂಡುದು ಲಕ್ಷ ವರಾಹದವಳನ್ನು. ಅವಳ ಮನೆಯ ಎಣಿಕೆಗೆ ಸಿಗದ ದಾಸಿಯರನ್ನು ಅವನು ಮಾತನಾಡಿಸಲಿಲ್ಲ. ಅರಸರು ಹೋಗಿ, ದತ್ತಿಯ ಭೂಮಿ ಹೋಗಿ, ವಿದ್ಯೆಗೆ ಬೆಲೆ ಹೋದ ಮೇಲೆ ಉಳಿದುದು ಹರಕೆಯ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೌರ್ಯವೊಂದೇ. ಬೆಳಗಾವಿ, ಬಿಜಾಪುರ ಸೀಮೆಯಿಂದ ಹಾಗೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಬಂದು ತಲುಪಿದ್ದು ನಮ್ಮ ಮುಂಬಯಿಯ ಕಾಮಾಟಿಪುರಕ್ಕೆ. ನಾವು ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ ಮಾಡುತ್ತ, ಕೃಷ್ಣದೇವರಾಯನ ಪಾತ್ರಕ್ಕೆ ಕಿರೀಟ ಹೊಂದಿಸುತ್ತ ಇದ್ದಾಗ, ಅದೇ ಮಹಾನಗರದ ಆ ಗಲ್ಲಿಗಳಲ್ಲಿಯೂ ಕನ್ನಡ ಕೇಳುತ್ತಿತ್ತು. ಅವರನ್ನು ನಾವು ಮುಂಬಯಿ ಕನ್ನಡಿಗರೆಂದು ಎಣಿಸಿದ್ದು ಕಡಿಮೆ. ಬೊಂಬಾಯಿ ಪ್ರಾಂತದಲ್ಲಿ 1934ರಲ್ಲಿಯೇ, ಕರ್ನಾಟಕದಲ್ಲಿ 1982ರಲ್ಲಿ ಈ ಪದ್ಧತಿಯ ವಿರುದ್ಧ ಕಾಯಿದೆಗಳು ಬಂದವು, ಬರಲೇಬೇಕಾಗಿತ್ತು. ಕಾಯಿದೆ ಪದ್ಧತಿಯನ್ನು ತಡೆಯಬಲ್ಲದು. ಹೆಣ್ಣಿನ ಮೇಲೆ ಹೊರಿಸಿದ ನಾಚಿಕೆಯನ್ನು ಇಳಿಸುವುದು ಸಮಾಜದ ಕೆಲಸ, ಭಾಷೆಯ ಕೆಲಸ, ಇತಿಹಾಸ ಬರೆಯುವವರ ಕೆಲಸ.

ಚಿನ್ನಾದೇವಿ ಗಣಿಕೆಯಾಗಿರಲಿಲ್ಲವೆಂದು ಸಾಧಿಸಲು ಹೊರಟವರ ಉದ್ದೇಶ ಅವಳ ಮಾನವನ್ನು ಕಾಯುವುದೇ ಇರಬಹುದು. ಆದರೆ ಅವಳಿಗೆ ಅಂಥ ಕಾವಲು ಬೇಕಾಗಿದೆಯೆಂದು ಭಾವಿಸುವುದರಲ್ಲಿಯೇ ಅವಮಾನವಿದೆ. ರಾಯನಿಗೆ ಅದು ಮುಚ್ಚಿಡುವ ಸಂಗತಿಯಾಗಿರಲಿಲ್ಲ. ಪ್ರಧಾನನ ಎದುರಿಗೇ ಅವನು ಅದನ್ನು ಹೇಳಿದನು. ತಿರುಮಲೆಯ ದೇವರ ಮುಂದೆ ಅವಳನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಅವನಿಗೆ ಸಂಕೋಚವಾಗಲಿಲ್ಲ. ಅಪವಾದದ ಭಯವಿದ್ದುದು ತಿಮ್ಮರಸನಿಗೆ. ಅವನಿಗಾದರೂ ನಡೆಸಬೇಕಾದ ರಾಜ್ಯವೊಂದಿತ್ತು. ಐದುನೂರು ವರ್ಷಗಳ ಮೇಲೆ ಅದೇ ಭಯವನ್ನು ಹೊತ್ತು ತಿರುಗಲು ನಮಗೆ ಅಂಥ ಕಾರಣವೂ ಇಲ್ಲ. ಹಂಪಿಗೆ ಹೋದಾಗ ಸೂಳೆ ಬಜಾರಿನ ಹೆಸರನ್ನು ಮಕ್ಕಳೆದುರು ಪೂರ್ತಿಯಾಗಿ ಹೇಳೋಣ. ಅದರ ಅರ್ಥವೇನೆಂದು ಅವರು ಕೇಳಿದರೆ ವಿನಾಪೋಟಿಯಿಂದ ಆರಂಭಿಸಿ ಚಿನ್ನಾದೇವಿಯವರೆಗೆ ಹೇಳೋಣ. ಕಾಮಾಟಿಪುರದ ಮಾತನ್ನೂ ಬಿಡದೆ ಹೇಳೋಣ.